ಮೂರನೆಯ ರೂಪ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಸೈಕಲ್ ಶಾಪಿನ ಮಹಡಿಯಲ್ಲಿ ನನ್ನ ಟ್ಯೂಷನ್ನು.
ಕಿಟಕಿ ಮುಚ್ಚಿದರೆ ಸೆಕೆ,
ತೆರೆದರೆ ಬೆಂದ ಹುಳದ ವಾಸನೆ.
ತೆರೆದೇ ಇಡುತ್ತೇವೆ.
ವಾಸನೆ ಹೊರಗಿನಿಂದ ಬಂದವರಿಗೆ ಮಾತ್ರ.

ಬೋರ್ಡಿಗೆ ಎರಡು ಗೀಟು ಎಳೆದು ಮೂರು ಮನೆ ಮಾಡಿ
ಗೋ, ವೆಂಟ್, ಗಾನ್ ಎಂದು ಬರೆದೆ.
ಸೀ, ಸಾ, ಸೀನ್.
'ಸಾ' ಎಂದದ್ದೇ ತಡ ಹಿಂದಿನ ಬೆಂಚು ಕಿಸಕ್ಕೆಂದಿತು:
ಅವರು ನನ್ನನ್ನು ಕರೆಯುವುದೇ ಹಾಗೆ.
ನೋಡುವುದರ ಭೂತಕಾಲ ನಾನು,
ಹದಿನೇಳು ವರ್ಷದಿಂದ.

ಕಟ್, ಕಟ್, ಕಟ್. ಪುಟ್, ಪುಟ್, ಪುಟ್.
ಇವಕ್ಕೆ ಕಾಲ ತಾಕುವುದೇ ಇಲ್ಲ,
ಕೆಳಗೆ ಪಂಕ್ಚರ್ ಹಾಕುವ ಪಿಳ್ಳಪ್ಪನ ಹಾಗೆ:
ಅದೇ ಬನಿಯನ್ನು, ಅದೇ ಬೈಗುಳ,
ನಿನ್ನೆಗೂ ನಾಳೆಗೂ.

ನಗೀನಾ ಬರೆದಿದ್ದಳು: ಐ ಡಿಡ್ ನಾಟ್ ವೆಂಟ್.
'ಡಿಡ್ ಬಂತಲ್ಲಮ್ಮ,
ಹಿಂದಿನ ಕಾಲವನ್ನೆಲ್ಲ ಅದೊಂದೇ ತಲೆ ಮೇಲೆ ಹೊತ್ತಿದೆ.
ಪಕ್ಕದವನು ಕೈಬೀಸಿಕೊಂಡು ಬರಲಿ,
ಬರೀ ಗೋ ಆಗಿ.'
ಬಿಸಿನೀರಿಗೆ ಸುಕ್ಕಾದ ಬೆರಳಲ್ಲಿ
ಅವಳು ಪೆನ್ನು ತಿರುಗಿಸಿದಳು.
'ನಮ್ಮನೇಲಿ ಹಂಗಿಲ್ಲ ಸಾ.
ಬೇಸಿನ್ ಮುಂದೆ ಅಮ್ಮಿ, ರೀಲು ಕಡೆ ನಾನು.
ಇಬ್ಬರೂ ಹಿಡೀಬೇಕು.
ಒಬ್ಬರು ಬಿಟ್ಟರೆ ಎಳೆ ಕಡೀತದೆ.'

ಕೆಂಪು ಶಾಯಿ ಅಲ್ಲೇ ಒಂದು ಚುಕ್ಕೆಯಾಗಿ ನಿಂತಿತು.

ಮುನಿಕದಿರಪ್ಪನದು ಇನ್ನೊಂದು: ಹೀ ಗಾನ್.
'ಮೂರನೆಯ ರೂಪ ಒಂಟಿಯಾಗಿ ನಿಲ್ಲಲ್ಲ ಕಣೋ,
ಹ್ಯಾಸೋ ಹ್ಯಾಡೋ ಕೈಹಿಡಿಯಬೇಕು.
ಹಣ್ಣಾದ ಹುಳ ಎಲ್ಲಿ ಗೂಡು ಕಟ್ಟತ್ತೆ?'
'ಚಂದ್ರಿಕೇಲಿ' ಎಂದಿತು ಇಡೀ ತರಗತಿ.
ಪುಸ್ತಕ ನೋಡದೆ, ಒಂದೇ ಉಸಿರಿಗೆ.
ಗೆದ್ದೆ ಅಂದುಕೊಂಡೆ.
ಮುನಿಕದಿರಪ್ಪ ತಲೆ ಕೆರೆದುಕೊಂಡ:
'ನೆಲದ ಮೇಲೂ ಕಟ್ತವೆ ಸಾ, ಮೂಲೆಗೆ ಹೋಗಿ.
ಸೊಟ್ಟಗಿರ್ತದೆ.
ರೇಟು ಸಿಗಲ್ಲ, ಅಷ್ಟೆ.'

ರಾತ್ರಿ ಮನೆಗೆ ನಡೆಯುತ್ತ ಎಣಿಸಿದೆ:
ಬರು, ಬಂದ. ಸೋಲು, ಸೋತ.
ನಗು, ನಕ್ಕ. ಕೀಳು, ಕಿತ್ತ.
ಸಾಯು, ಸತ್ತ.
ಯಾವ ಬೋರ್ಡಿನ ಯಾವ ಗೀಟು ನಮಗೆ ಕಲಿಸಿತ್ತು?
ತಂಗಿಯ ಮಗಳು, ಮೂರು ವರ್ಷದವಳು,
ನಿನ್ನೆ ಬಿದ್ದು ಎದ್ದು ಬಂದು
'ಮಾಮ, ನಾನು ಅಳ್ದೆ' ಎಂದಳು.
ಅತ್ತೆ ಅನ್ನಬೇಕು ಪುಟ್ಟಿ ಎಂದರೆ
'ಅತ್ತೆ ಅಡುಗೆಮನೇಲವಳೆ' ಅಂತ ನನ್ನನ್ನೇ ತಿದ್ದಿದಳು.
ಯಾರೂ ಕೆಂಪು ಶಾಯಿ ತರಲಿಲ್ಲ.
ಎತ್ತಿಕೊಂಡೆವು.

ಒಂದು ಮಾತು ಮಕ್ಕಳಿಗೆ ಹೇಳಿಲ್ಲ.
ಮಲಗುವ ಲೈ ನಿನ್ನೆಗೆ ಹೋದರೆ ಲೇ,
ಮಲಗಿಸುವ ಲೇ ಇವತ್ತಿಗೂ ಲೇ,
ಸುಳ್ಳಾಡುವ ಲೈ ಬೇರೆ ಎಲ್ಲೋ ನಿಂತು ನಗುತ್ತದೆ.
ಲೇ ಎಂದರೆ ನನಗೆ ಇಂದಿಗೂ
ಆಚೆ ಬೀದಿಯಿಂದ ಗೆಳೆಯ ಕೂಗಿದ ಹಾಗೆ;
ತಿರುಗಿ ನೋಡುತ್ತೇನೆ, ಯಾರೂ ಇರುವುದಿಲ್ಲ.
ಚಿಕ್ಕಬಳ್ಳಾಪುರದ ತರಬೇತಿಯಲ್ಲಿ
ಮೇಡಂ ಇದನ್ನೇ ಕೇಳಿದಾಗ
ನೀರು ಕುಡಿಯಲೆಂದು ಎದ್ದು ಹೋದವನು
ಊಟದ ಗಂಟೆ ಹೊಡೆಯುವವರೆಗೂ ಕುಡಿದೆ.

ಮರುದಿನ ನಗೀನಾ ಬರಲಿಲ್ಲ.
ಡಿಡ್ ನಾಟ್ ಕಮ್.
ವ್ಯಾಕರಣ ಸರಿಯಾಗಿದೆ, ಬೆಂಚು ಖಾಲಿ.
ಅದರ ಮರುದಿನವೂ.

ಮೂರನೆಯ ದಿನ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು.
'ಮೋಟಾರು ಸುಟ್ಟೋಗಿತ್ತು ಸಾ.
ಇಬ್ಬರೂ ಕೈಯಲ್ಲೇ ತಿರುಗಿಸಿದ್ವಿ.'
ಕೂತು, ನೋಟ್ಸು ಬಿಚ್ಚಿ, ಪೆನ್ನಿನ ಮುಚ್ಚಳ ಕಚ್ಚಿ,
'ಸಾ, ಸುಟ್ಟಿದ್ದಕ್ಕೆ ಬರ್ನ್ಟಾ, ಬರ್ನ್ಡಾ?'

'ಎರಡೂ ಸರಿ' ಎಂದೆ.

ಹದಿನೇಳು ವರ್ಷದಲ್ಲಿ ಮೊದಲ ಸಲ
ಹಿಂದಿನ ಬೆಂಚು ಪೂರ್ತಿ ತಲೆಯೆತ್ತಿ
ಅನುಮಾನದಿಂದ ನನ್ನನ್ನು ನೋಡಿತು.